ಅಟ್ಟದಲ್ಲೇ ಉಳಿದುಹೋದ ಬುದ್ಧಿ: ‘ಏಲಿಯನ್ಸ್ ಇನ್ ದಿ ಆ್ಯಟಿಕ್’ ಮರುನೋಟ

ಶ್ರೇಷ್ಠ ಸಿನಿಮಾಗಳ ಬಗ್ಗೆ ಬರೆಯುವವರಿಗೆ ಕೊರತೆಯಿಲ್ಲ. ತೀರಾ ಕೆಟ್ಟ ಸಿನಿಮಾಗಳನ್ನು ಹುಡುಕಿ ತಂದು ಆಡಿಕೊಳ್ಳುವವರೂ ಬೇಕಾದಷ್ಟು ಜನ. ನಡುವಿನ ಸಿನಿಮಾಗಳ ಗತಿಯೇ ಬೇರೆ. ಅವು ಬರುತ್ತವೆ, ಒಂದೆರಡು ವಾರ ಓಡುತ್ತವೆ, ಆಮೇಲೆ ಯಾರೂ ಅವುಗಳ ಮಾತೆತ್ತುವುದಿಲ್ಲ. ಆದರೆ ಮಕ್ಕಳಿರುವ ಮನೆಗಳಲ್ಲಿ ನಿಜವಾಗಿ ನಡೆಯುವುದು ಇವುಗಳದ್ದೇ ರಾಜ್ಯ. ಭಾನುವಾರ ಊಟವಾಗಿ, ದೊಡ್ಡವರಿಗೆ ಕಣ್ಣು ಎಳೆಯುವ ಹೊತ್ತಿಗೆ ಮಕ್ಕಳು ಹಚ್ಚುವುದು ಸತ್ಯಜಿತ್ ರಾಯ್ ಸಿನಿಮಾವನ್ನಲ್ಲ. ಅವರ ತಲೆಯೊಳಗೆ ಕಥೆ, ನಗು, ನ್ಯಾಯ ಅನ್ಯಾಯ ಇತ್ಯಾದಿಗಳ ಅಚ್ಚು ಬೀಳುವುದು ಬಹುಪಾಲು ಇಂಥ ಸಾಧಾರಣ ಸಿನಿಮಾಗಳಿಂದಲೇ. ಹಾಗಾಗಿ ಒಂದನ್ನಾದರೂ ಎತ್ತಿಕೊಂಡು ಸರಿಯಾಗಿ ನೋಡೋಣ ಎಂಬ ಆಸೆಯಿಂದ ಈ ಬರಹ.

ನಾನು ಎತ್ತಿಕೊಂಡಿರುವುದು 2009ರ ಜುಲೈ ಕೊನೆಯಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಏಲಿಯನ್ಸ್ ಇನ್ ದಿ ಆ್ಯಟಿಕ್’. ನಿರ್ದೇಶಕ ಜಾನ್ ಶುಲ್ಟ್ಸ್. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಚಿತ್ರ. ಅವಧಿ 86 ನಿಮಿಷ. ಖರ್ಚು ಸುಮಾರು ನಾಲ್ಕೂವರೆ ಕೋಟಿ ಡಾಲರ್, ಜಗತ್ತಿನಾದ್ಯಂತ ಬಂದ ಗಳಿಕೆ ಆರು ಕೋಟಿಯ ಆಸುಪಾಸು. ಟಿಕೆಟ್ ಹಣದಲ್ಲಿ ಚಿತ್ರಮಂದಿರದವರ ಪಾಲು ಕಳೆದರೆ ಅದು ಲಾಭವೇನಲ್ಲ, ಮುಳುಗಿದ್ದೂ ಅಲ್ಲ. ಎಲ್ಲ ರೀತಿಯಿಂದಲೂ ನಡುವಿನದು.

ಕಥೆ ಹೀಗಿದೆ. ಪಿಯರ್ಸನ್ ಕುಟುಂಬ ರಜೆಗೆಂದು ಊರಾಚೆ ಕೆರೆಯ ಹತ್ತಿರ ಒಂದು ದೊಡ್ಡ ಬಾಡಿಗೆ ಮನೆಗೆ ಬರುತ್ತದೆ. ಅಪ್ಪ, ಅಮ್ಮ, ಮೂವರು ಮಕ್ಕಳು. ಜೊತೆಗೆ ಚಿಕ್ಕಪ್ಪ, ಅವನ ಮೂವರು ಗಂಡುಮಕ್ಕಳು, ಅಜ್ಜಿ. ದೊಡ್ಡ ಮಗಳು ಬೆಥನಿಯ ಗೆಳೆಯ ರಿಕಿ ಕರೆಯದೆಯೇ ಬಂದು ಸೇರಿಕೊಳ್ಳುತ್ತಾನೆ. ಅದೇ ರಾತ್ರಿ ಮೊಣಕಾಲೆತ್ತರದ ನಾಲ್ಕು ಜನ ಅನ್ಯಗ್ರಹವಾಸಿಗಳು ಬಂದು ಮನೆಯ ಸೂರಿನ ಮೇಲೆ ಬೀಳುತ್ತಾರೆ. ಅವರ ಕೈಲಿ ಒಂದು ಯಂತ್ರವಿದೆ. ಸಣ್ಣದೊಂದು ಕೊಂಡಿಯನ್ನು ಮನುಷ್ಯನ ಕತ್ತಿನ ಹಿಂಭಾಗಕ್ಕೆ ಹಾರಿಸಿ ಚುಚ್ಚಿದರೆ ಸಾಕು, ರಿಮೋಟ್ ಹಿಡಿದವರು ಹೇಳಿದ ಹಾಗೆ ಅವನು ಕುಣಿಯಬೇಕು. ಮೊದಲು ಸಿಕ್ಕಿಬೀಳುವವನು ರಿಕಿ. ಆದರೆ ಮಕ್ಕಳ ಮಿದುಳಿನ ಮೇಲೆ ಈ ಯಂತ್ರ ನಡೆಯುವುದಿಲ್ಲ, ದೊಡ್ಡವರ ಮೇಲೆ ಮಾತ್ರ ನಡೆಯುತ್ತದೆ. ಅಂದಮೇಲೆ ದೊಡ್ಡವರಿಗೆ ಹೇಳುವಂತಿಲ್ಲ. ಹೇಳಿದರೆ ಶತ್ರುವಿಗೆ ಇನ್ನೊಂದು ಆಯುಧ ಕೊಟ್ಟಂತೆ. ಕೆಳಗೆ ದೊಡ್ಡವರು ರಜೆಯ ಸುಖದಲ್ಲಿರುವಾಗ ಮೇಲೆ ಮಕ್ಕಳು ಭೂಮಿಯನ್ನು ಉಳಿಸಬೇಕು.

ಇದು ಕೇಳಲು ಎಷ್ಟು ಚೆನ್ನಾಗಿದೆ ನೋಡಿ! ಮಕ್ಕಳ ಸಾಹಸಕಥೆ ಬರೆಯುವ ಎಲ್ಲರಿಗೂ ಒಂದು ತೊಡಕು ಎದುರಾಗುತ್ತದೆ: ಇಷ್ಟೆಲ್ಲ ಆಗುವಾಗ ಮಕ್ಕಳು ಅಪ್ಪ ಅಮ್ಮನನ್ನು ಯಾಕೆ ಕರೆಯುವುದಿಲ್ಲ? ‘ಹೋಮ್ ಅಲೋನ್’ (1990) ತಂದೆತಾಯಿಯನ್ನು ವಿಮಾನ ಹತ್ತಿಸಿ ಕಳಿಸಿ ಈ ತೊಡಕನ್ನು ಬಿಡಿಸಿತು. ಈ ಚಿತ್ರ ಅವರನ್ನು ಅದೇ ಮನೆಯಲ್ಲಿ ಉಳಿಸಿಕೊಂಡೇ ಬಿಡಿಸುತ್ತದೆ. ದೊಡ್ಡವರು ಎಂದರೆ ಯಾರು ಬೇಕಾದರೂ ಆಡಿಸಬಹುದಾದವರು, ಮಕ್ಕಳು ಎಂದರೆ ಇನ್ನೂ ಹಾಗೆ ಆಡಿಸಲಾಗದವರು. ಹತ್ತು ವರ್ಷದವರಿಗೆ ತಮಾಷೆ, ನಲವತ್ತು ದಾಟಿದವರಿಗೆ ಚುಚ್ಚುಮಾತು. ಒಂದೇ ಏಟಿಗೆ ಎರಡೂ.

ಈ ಸಲ ಮತ್ತೆ ನೋಡುವಾಗ ನನಗೆ ಬಲವಾಗಿ ಅನ್ನಿಸಿದ್ದು ಇದು: ಚಿತ್ರದಲ್ಲಿ ಬುದ್ಧಿಗೇನೂ ಬರವಿಲ್ಲ. ಇರುವ ಬುದ್ಧಿಯನ್ನು ಅದು ಅಡಗಿಸಿಟ್ಟುಕೊಂಡಿದೆ. ತಮಾಷೆಯೆಂದರೆ ಅದರ ನಾಯಕ ಟಾಮ್ ಮಾಡುವುದೂ ಅದನ್ನೇ. ಟಾಮ್ ಗಣಿತದಲ್ಲಿ ಜಾಣ. ಆದರೆ ಅವನ ಶಾಲೆಯಲ್ಲಿ ಗಣಿತದ ಜಾಣನೆಂದರೆ ಎಲ್ಲರ ಗೇಲಿಗೆ ವಸ್ತು. ಆದ್ದರಿಂದ ಅವನು ಬೇಕೆಂದೇ ಅಂಕ ಕಳೆದುಕೊಳ್ಳುತ್ತಾನೆ, ಅದು ಮನೆಯಲ್ಲಿ ಗೊತ್ತಾಗದಿರಲಿ ಎಂದು ಶಾಲೆಯ ಕಂಪ್ಯೂಟರಿಗೆ ಕನ್ನ ಹಾಕುತ್ತಾನೆ. ಅಪ್ಪನಿಗೂ ಅವನಿಗೂ ಇರುವ ಬಿರುಕಿನ ಮೂಲ ಇದು. ಈ ರಜೆಯೂ ಮೀನು ಹಿಡಿಯುವ ಕಾರ್ಯಕ್ರಮವೂ ಅಪ್ಪ ಆ ಬಿರುಕಿಗೆ ಹಚ್ಚಲು ಹೊರಟ ಮುಲಾಮು.

ಚಿತ್ರ ತನ್ನ ಬುದ್ಧಿಯನ್ನು ಎಲ್ಲೆಲ್ಲಿ ಅಡಗಿಸಿತು? ಹೆಸರಿನಿಂದಲೇ ಶುರುಮಾಡಬಹುದು. ಇದಕ್ಕೆ ಮೊದಲು ಇಟ್ಟಿದ್ದ ಹೆಸರು ‘ದೇ ಕೇಮ್ ಫ್ರಮ್ ಅಪ್‌ಸ್ಟೇರ್ಸ್’, ಅಂದರೆ ‘ಅವರು ಮಹಡಿಯಿಂದ ಬಂದರು’. 1950ರ ದಶಕದ ಅಮೆರಿಕನ್ ಅನ್ಯಗ್ರಹ ಚಿತ್ರಗಳ ಗಂಭೀರ ಹೆಸರುಗಳನ್ನು (1953ರ ‘ಇಟ್ ಕೇಮ್ ಫ್ರಮ್ ಔಟರ್ ಸ್ಪೇಸ್’ ಒಂದು ಉದಾಹರಣೆ) ಅದು ಹಗುರವಾಗಿ ಚುಚ್ಚುತ್ತದೆ. ಬಾಹ್ಯಾಕಾಶದಿಂದ ಎಂದು ಎದೆ ನಡುಗಿಸಬೇಕಾದಲ್ಲಿ ಮಹಡಿಯಿಂದ ಎಂದು ಹೇಳಿ ನಗಿಸುತ್ತದೆ. ಅದನ್ನು ತೆಗೆದು ‘ಅಟ್ಟದಲ್ಲಿ ಅನ್ಯಗ್ರಹದವರು’ ಎಂದು ಇಟ್ಟರು. ಹೊಸ ಹೆಸರಿನಲ್ಲಿ ತಪ್ಪೇನಿಲ್ಲ. ಉಪ್ಪಿನಕಾಯಿ ಭರಣಿಗೆ ‘ಉಪ್ಪಿನಕಾಯಿ’ ಎಂದು ಚೀಟಿ ಅಂಟಿಸಿದಷ್ಟೇ ಸರಿಯಾಗಿದೆ, ಅಷ್ಟೇ ಸಪ್ಪೆಯಾಗಿದೆ.

ಇನ್ನು ಚಿತ್ರದ ನಿಜವಾದ ಆಸ್ತಿಗೆ ಬರೋಣ. ಅದು ಅನ್ಯಗ್ರಹದವರಲ್ಲ, ರಿಕಿಯ ಪಾತ್ರದ ರಾಬರ್ಟ್ ಹಾಫ್‌ಮನ್. ಮೂಲತಃ ನೃತ್ಯಗಾರ, ಹಿಂದಿನ ವರ್ಷವಷ್ಟೇ ‘ಸ್ಟೆಪ್ ಅಪ್ 2’ರಲ್ಲಿ ನಾಯಕನಾಗಿದ್ದವರು. ಕೊಂಡಿ ಬಿದ್ದ ಗಳಿಗೆಯಿಂದ ಅವರ ದೇಹ ಅವರದ್ದಾಗಿ ಉಳಿಯುವುದಿಲ್ಲ. ರಿಮೋಟ್ ಹಿಡಿದವರಿಗೆ ಇನ್ನೂ ಅಭ್ಯಾಸವಿಲ್ಲದ್ದರಿಂದ ಒಂದು ಕಾಲು ಮುಂದೆ ಹೋದರೆ ಸೊಂಟ ಹಿಂದೆ ಉಳಿಯುತ್ತದೆ, ಮುಖ ಒಂದು ಹೇಳಿದರೆ ಕೈ ಇನ್ನೊಂದು ಮಾಡುತ್ತದೆ. ಉಪ್ಪಿನಕುದ್ರುವಿನ ಸೂತ್ರದ ಗೊಂಬೆಯಾಟ ನೋಡಿದವರಿಗೆ ಇದರ ಸೊಗಸು ಬೇಗ ತಿಳಿಯುತ್ತದೆ. ಅಲ್ಲಿ ಕಟ್ಟಿಗೆಯ ಗೊಂಬೆ ಯಕ್ಷಗಾನದ ವೇಷಧಾರಿಯಂತೆ ಹೆಜ್ಜೆ ಹಾಕಿ ಬೆರಗು ಹುಟ್ಟಿಸುತ್ತದೆ. ಇಲ್ಲಿ ಮನುಷ್ಯ ಗೊಂಬೆಯಾಗಿ, ಕಾಣದ ಸೂತ್ರಗಳಿಂದ ಜೋತಾಡುತ್ತಾನೆ. ಕಂಪ್ಯೂಟರಿನಲ್ಲಿ ಮಾಡಿದ ನಾಲ್ಕು ಪಾತ್ರಗಳಿಗೆ ಬಿದ್ದಿರುವ ಹಣ ಎಷ್ಟೋ. ಅವು ಯಾವುವೂ ಈ ಒಬ್ಬ ಮನುಷ್ಯನ ಬೆನ್ನುಮೂಳೆಗೆ ಸಾಟಿಯಾಗುವುದಿಲ್ಲ.

ಮುಂದೆ ಅಜ್ಜಿಯ ಸರದಿ. ಈ ಪಾತ್ರ ಮಾಡಿದ ಡೋರಿಸ್ ರಾಬರ್ಟ್ಸ್‌ಗೆ ಆಗ ಎಂಬತ್ತು ದಾಟಿತ್ತು. ‘ಎವ್ರಿಬಡಿ ಲವ್ಸ್ ರೇಮಂಡ್’ ಧಾರಾವಾಹಿಯ ಅಮ್ಮ ಎಂದರೆ ಕೆಲವರಿಗೆ ನೆನಪಾದೀತು. ಒಂದು ರಿಮೋಟ್ ಅನ್ಯಗ್ರಹದವರ ಕೈಲಿ, ಇನ್ನೊಂದು ಮಕ್ಕಳ ಕೈಲಿ. ರಿಕಿಗೂ ಅಜ್ಜಿಗೂ ಕುಂಗ್‌ಫೂ ಕಾಳಗ. ಡ್ಯೂಪ್ ಹಾಕಿ ತೆಗೆದದ್ದು ಎಂದು ಗೊತ್ತಿದ್ದೂ ನಗು ತಡೆಯುವುದಿಲ್ಲ. ಇಡೀ ಚಿತ್ರದಲ್ಲಿ ನಾನು ಯಾರಿಗಾದರೂ ಧೈರ್ಯವಾಗಿ ತೋರಿಸಬಲ್ಲ ನಿಮಿಷಗಳು ಇವು.

ಆದರೆ ಇಲ್ಲೇ ಒಂದು ಮುಳ್ಳೂ ಇದೆ. ರಿಮೋಟ್ ಮೊದಲ ಸಲ ಟಾಮ್ ಕೈಗೆ ಸಿಕ್ಕಾಗ ಅವನು ಏನು ಮಾಡುತ್ತಾನೆ? ತನ್ನನ್ನು ಪೀಡಿಸುತ್ತಿದ್ದ, ವಯಸ್ಸಿನ ಬಗ್ಗೆ ಸುಳ್ಳು ಹೇಳಿ ಅಕ್ಕನ ಬೆನ್ನು ಬಿದ್ದಿದ್ದ ರಿಕಿಯನ್ನು ಅವನ ಕೈಯಿಂದಲೇ ಹೊಡೆಸುತ್ತಾನೆ. ನಾವು ನಗುತ್ತೇವೆ, ಯಾಕೆಂದರೆ ರಿಕಿ ಅದಕ್ಕೆ ತಕ್ಕವನೇ. ನನ್ನ ಹತ್ತು ವರ್ಷದ ಮಗಳು ಆ ನಗುವಿನ ನಡುವೆಯೇ ಕೇಳಿದಳು: “ಅಪ್ಪಾ, ಒಳಗಡೆ ಅವನಿಗೆ ಗೊತ್ತಾಗ್ತಿರುತ್ತಾ?” ಒಳ್ಳೆಯ ಪ್ರಶ್ನೆ. ಮನುಷ್ಯನೊಬ್ಬನನ್ನು ವಿಡಿಯೋ ಗೇಮಿನ ಬೊಂಬೆ ಮಾಡಿಕೊಂಡ ಹುಡುಗನ ಬಗ್ಗೆ ನಾವು ಏನು ತಿಳಿಯಬೇಕು? ಅನ್ಯಗ್ರಹದವರು ಮಾಡಿದರೆ ಆಕ್ರಮಣ, ನಮ್ಮವನು ಮಾಡಿದರೆ ಚೇಷ್ಟೆಯೇ? ಚಿತ್ರ ಈ ಪ್ರಶ್ನೆಯ ಬಾಗಿಲವರೆಗೆ ಬಂದು, ಒಳಗೆ ಇಣುಕದೆ, ಮುಂದಿನ ಓಟಕ್ಕೆ ಹೊರಟುಬಿಡುತ್ತದೆ. ಕೊನೆಯಲ್ಲಿ ಹೆಸರುಗಳು ಬರುವ ಹೊತ್ತಿಗೂ ಅದೇ ಆಟವನ್ನು ಬೆಥನಿಯ ಕೈಯಿಂದ ಆಡಿಸಿ ಮತ್ತೊಮ್ಮೆ ನಗಿಸುತ್ತದೆ.

1984ರ ‘ಗ್ರೆಮ್ಲಿನ್ಸ್’ ನೆನಪಿಸಿಕೊಳ್ಳಿ. ಅದೂ ಮನೆಗೆ ನುಗ್ಗಿದ ಪುಟ್ಟ ಜೀವಿಗಳ ಕಥೆ, ಅದೂ ನಗೆಚಿತ್ರ. ಆದರೆ ಜೋ ಡಾಂಟೆ ನಗುವಿನ ನಡುವೆ ಹೊಟ್ಟೆಯಲ್ಲಿ ಒಂದು ಕಸಿವಿಸಿ ಹುಟ್ಟಿಸುತ್ತಾರೆ. ಮಗುವಿಗೆ ಅಷ್ಟು ಕತ್ತಲೆ ತಡೆಯುವ ಶಕ್ತಿಯಿದೆ ಎಂಬ ನಂಬಿಕೆ ಅವರಿಗಿತ್ತು. ಅದನ್ನು ಬರೆದ ಕ್ರಿಸ್ ಕೊಲಂಬಸ್ ಅವರೇ ಮುಂದೆ ‘ಹೋಮ್ ಅಲೋನ್’ ನಿರ್ದೇಶಿಸಿದರು. ನಮ್ಮ ಚಿತ್ರ ಆ ಎರಡರಿಂದಲೂ ಸಾಮಾನು ತಂದಿದೆ: ಒಂದರಿಂದ ಪುಟ್ಟ ತುಂಟ ಶತ್ರುಗಳು, ಇನ್ನೊಂದರಿಂದ ಮನೆಯ ವಸ್ತುಗಳಿಂದಲೇ ಮಾಡಿದ ಆಯುಧಗಳು. ಆಲೂಗಡ್ಡೆ ಹಾರಿಸುವ ಕೊಳವೆ ಬಂದೂಕು ಇದೆ, ಪಟಾಕಿ ಸದ್ದಿದೆ. ಒಂದರ ಕತ್ತಲೆ ಮಾತ್ರ ಇಲ್ಲ, ಇನ್ನೊಂದರ ಒಂಟಿತನವೂ ಇಲ್ಲ.

ಅನ್ಯಗ್ರಹದವರ ಪೈಕಿ ನನಗೆ ಇಷ್ಟವಾದವನು ಸ್ಪಾರ್ಕ್ಸ್. ನಾಯಕ ಸ್ಕಿಪ್, ದೈತ್ಯಬಲದ ಟೇಜರ್, ಕಾದಾಟಕ್ಕೇ ಹುಟ್ಟಿದ ರೇಜರ್, ನಾಲ್ಕು ಕೈಯ ಎಂಜಿನಿಯರ್ ಸ್ಪಾರ್ಕ್ಸ್. ನಮ್ಮ ಕಸುಬಿನವರಿಗೆ ಈ ತಂಡದ ಪರಿಚಯ ಹೊಸದಾಗಿ ಮಾಡಿಕೊಡಬೇಕಿಲ್ಲ. ಯಂತ್ರಗಳನ್ನೆಲ್ಲ ಕಟ್ಟುವವನು ಒಬ್ಬ, ಕೂಗಾಡುವವನು ಇನ್ನೊಬ್ಬ. ನಾಲ್ಕು ಕೈಯಿದ್ದರೂ ಕೆಲಸ ಮುಗಿಯಲೊಲ್ಲದು. ಸ್ಪಾರ್ಕ್ಸ್‌ಗೆ ಭೂಮಿ ಗೆಲ್ಲುವ ಹಂಬಲವೇನಿಲ್ಲ; ಅವನಿಗೆ ಬೇಕಾದದ್ದು ಊರಿಗೆ ಹೋಗಿ ಹೆಂಡತಿ ಮಕ್ಕಳನ್ನು ಸೇರುವುದು. ಮನೆಯ ಅತಿ ಚಿಕ್ಕವಳು ಹಾನಾ, ಏಳು ವರ್ಷದವಳು, ಅವನ ಗೆಳೆತನ ಮಾಡುತ್ತಾಳೆ. ಬೇರೆ ಊರಿಗೆ ಪ್ರಾಜೆಕ್ಟಿಗೆಂದು ಹೋಗಿ, ಅಲ್ಲಿ ಯಾರದೋ ಮಗುವನ್ನು ಆಡಿಸುತ್ತ ತನ್ನ ಮಗುವನ್ನು ನೆನೆದವರು ಈ ಪತ್ರಿಕೆಯ ಓದುಗರಲ್ಲಿ ಕೆಲವರಾದರೂ ಇರುತ್ತೀರಿ. ಆ ದೃಶ್ಯಗಳು ಚಿಕ್ಕವು, ತುಸು ಸಿಹಿ ಹೆಚ್ಚಾದವು. ಆದರೂ ಚಿತ್ರದಲ್ಲಿ ಯಾರಾದರೂ ಮನಸ್ಸಿನಿಂದ ಏನನ್ನಾದರೂ ಬಯಸುತ್ತಾರೆ ಎಂದು ಅನ್ನಿಸುವುದು ಅಲ್ಲಿ ಮಾತ್ರ.

ಹಾಗಾದರೆ ಇದನ್ನು ಮಾಡಿದವರು ಸಾಧಾರಣದವರೇ? ಪಟ್ಟಿ ನೋಡಿದರೆ ಆಶ್ಚರ್ಯವಾಗುತ್ತದೆ. ಚಿತ್ರಕಥೆ ಬರೆದ ಇಬ್ಬರಲ್ಲಿ ಮಾರ್ಕ್ ಬರ್ಟನ್ 2005ರ ‘ವಾಲೇಸ್ ಆ್ಯಂಡ್ ಗ್ರಾಮಿಟ್’ ಚಿತ್ರದ ಬರಹಗಾರರಲ್ಲಿ ಒಬ್ಬರು. ಆ್ಯಡಮ್ ಗೋಲ್ಡ್‌ಬರ್ಗ್ ಮುಂದೆ ‘ದಿ ಗೋಲ್ಡ್‌ಬರ್ಗ್ಸ್’ ಧಾರಾವಾಹಿ ಕಟ್ಟಿದರು. ಸ್ಕಿಪ್‌ಗೆ ದನಿ ಕೊಟ್ಟ ಜೆ. ಕೆ. ಸಿಮನ್ಸ್‌ಗೆ ಮುಂದೆ ‘ವಿಪ್‌ಲ್ಯಾಷ್’ ಚಿತ್ರಕ್ಕಾಗಿ ಆಸ್ಕರ್ ಬಂತು. ಚಿಕ್ಕಪ್ಪನ ಮಗ ಜೇಕ್ ಆಗಿ ಕಾಣಿಸುವ ಹುಡುಗ ಆಸ್ಟಿನ್ ಬಟ್ಲರ್. ಅವನೇ 2022ರಲ್ಲಿ ಎಲ್ವಿಸ್ ಪ್ರೆಸ್ಲಿಯಾದ.

ಆ ನಾಲ್ಕು ರಬ್ಬರು ಮೈಯ ಜೀವಿಗಳನ್ನು ಮೂಡಿಸಿದ್ದು ರಿದಮ್ ಆ್ಯಂಡ್ ಹ್ಯೂಸ್ ಸ್ಟುಡಿಯೋ. ಈ ಹೆಸರು ಮುಂಬೈ ಮತ್ತು ಹೈದರಾಬಾದಿನ ಓದುಗರಲ್ಲಿ ಕೆಲವರಿಗೆ ಹತ್ತಿರದ್ದು. ಲಾಸ್ ಏಂಜಲಿಸ್ ಮೂಲದ ಈ ಸಂಸ್ಥೆಗೆ ಎರಡೂ ನಗರಗಳಲ್ಲಿ ಶಾಖೆಗಳಿದ್ದವು. ಮಾತಾಡುವ ಹಂದಿಮರಿಯ ‘ಬೇಬ್’ಗೆ ಆಸ್ಕರ್ ಗೆದ್ದವರು ಅವರು. ಇನ್ನು ಮೂರೂವರೆ ವರ್ಷಕ್ಕೆ ‘ಲೈಫ್ ಆಫ್ ಪೈ’ ಚಿತ್ರದ ಹುಲಿಗಾಗಿ ಮತ್ತೊಂದು ಆಸ್ಕರ್. ಆದರೆ 2013ರ ಫೆಬ್ರವರಿಯಲ್ಲಿ ಆ ಪ್ರಶಸ್ತಿ ಕೈಗೆ ಬರುವ ಕೆಲವೇ ದಿನ ಮೊದಲು ಸಂಸ್ಥೆ ದಿವಾಳಿ ಅರ್ಜಿ ಹಾಕಿಕೊಂಡಿತ್ತು. ವೇದಿಕೆಯ ಮೇಲೆ ಬಿಲ್ ವೆಸ್ಟನ್‌ಹೋಫರ್ ಸಂಸ್ಥೆಯ ಸಂಕಷ್ಟದ ಮಾತೆತ್ತುತ್ತಿದ್ದಂತೆ ‘ಜಾಸ್’ ಚಿತ್ರದ ಸಂಗೀತ ಏರಿಸಿ ಅವರ ಮಾತು ಮುಗಿಸಿದರು. ಹೊರಗೆ ಬೀದಿಯಲ್ಲಿ ಅದೇ ಕಸುಬಿನ ಜನ ಪ್ರತಿಭಟಿಸುತ್ತಿದ್ದರು. ಹುಲಿ ಮಾಡುವ ಶಕ್ತಿಯಿದ್ದವರು ವರ್ಷವಿಡೀ ಹುಲಿ ಮಾಡುತ್ತ ಕೂರಲಾಗುವುದಿಲ್ಲ. ನಡುವೆ ಅಳಿಲು ಬರುತ್ತದೆ, ಅಟ್ಟದ ಮೇಲಿನವರು ಬರುತ್ತಾರೆ. ಸಾಧಾರಣ ಚಿತ್ರಗಳು ಆ ಕಸುಬಿನ ದಿನದ ಅನ್ನ. ಸ್ಕಿಪ್‌ನ ಮುಖದ ಸಣ್ಣ ಸಿಡುಕನ್ನೂ ಯಾರೋ ರಾತ್ರಿ ಕೂತು ತಿದ್ದಿದ್ದಾರೆ ಎಂಬುದನ್ನು ಮರೆತು ‘ಸಪ್ಪೆ’ ಎಂದು ಬರೆದು ಮುಗಿಸಲು ನನಗೆ ಮನಸ್ಸಾಗುವುದಿಲ್ಲ.

ಇಷ್ಟು ಜನ ಗಟ್ಟಿಗರು ಸೇರಿ ಯಾಕೆ ಇಷ್ಟು ಸಾಧಾರಣದ್ದನ್ನು ಮಾಡಿದರು? ಆ ಕೋಣೆಯೊಳಗೆ ನಾನಿರಲಿಲ್ಲ; ನನ್ನ ಅಂದಾಜು ನನ್ನ ಕೆಲಸದ ಅನುಭವದಿಂದ ಬಂದದ್ದು. ಹತ್ತು ಜನರ ಸಭೆಯಲ್ಲಿ ಯಾರೂ ಕೆಟ್ಟ ಸಲಹೆ ಕೊಡುವುದಿಲ್ಲ. ಒಬ್ಬರು ‘ಇದು ಚಿಕ್ಕವರಿಗೆ ಹೆದರಿಕೆಯಾದೀತು’ ಎನ್ನುತ್ತಾರೆ, ಸರಿಯೇ. ಇನ್ನೊಬ್ಬರು ‘ಹೆಸರು ಅರ್ಥವಾಗಲಿಕ್ಕಿಲ್ಲ’ ಎನ್ನುತ್ತಾರೆ, ಅದೂ ಸರಿಯೇ. ಮೂರನೆಯವರು ‘ಗಣಿತದ ಭಾಗ ಎಳೆದಂತಾಗಿದೆ’ ಎನ್ನುತ್ತಾರೆ. ಪ್ರತಿ ಸಲವೂ ಒಂದೊಂದು ಅಪಾಯ ಕಡಿಮೆಯಾಗುತ್ತ ಹೋಗುತ್ತದೆ. ಕೊನೆಗೆ ಉಳಿಯುವುದು ಯಾರಿಗೂ ತೊಂದರೆ ಕೊಡದ, ಯಾರಿಗೂ ಬೇಕೇಬೇಕು ಅನ್ನಿಸದ ಒಂದು ವಸ್ತು. ಗಣಿತದ ಹುಡುಗನ ಈ ಕಥೆಯಲ್ಲಿ ಪ್ರೇಕ್ಷಕನೂ ಜೊತೆಗೆ ತಲೆ ಓಡಿಸುವಂಥ ಒಂದು ಲೆಕ್ಕ ಕೂಡ ನೆನಪಿನಲ್ಲಿ ಉಳಿಯುವುದಿಲ್ಲ ಎಂಬುದಕ್ಕೆ ನನಗೆ ತೋಚುವ ಕಾರಣ ಇದು.

ಟಾಮ್ ಕಥೆ ನಮ್ಮ ಮನೆಗಳಿಗೆ ಮೊದಲ ನೋಟಕ್ಕೆ ಹೊಂದುವುದಿಲ್ಲ. ಗಣಿತ ಬರುತ್ತದೆಂದು ನಾಚುವ ಹುಡುಗನನ್ನು ನಾವು ಯಾವ ಊರಲ್ಲಿ ಕಂಡಿದ್ದೇವೆ? ನಮ್ಮಲ್ಲಿ ಅದು ಬಂದ ನೆಂಟರೆದುರು ತೋರಿಸುವ ಬೆಳ್ಳಿ ತಟ್ಟೆ. 2003ರ ‘ಕೋಯಿ ಮಿಲ್ ಗಯಾ’ ನೋಡಿ. ಅಲ್ಲಿ ಬುದ್ಧಿ ಆಕಾಶದಿಂದ ಇಳಿದ ವರ. ಜಾದೂ ಬಂದು ರೋಹಿತನಿಗೆ ಅದನ್ನು ಕೊಡುತ್ತಾನೆ, ಮಗ ಗೆದ್ದನೆಂದು ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಾರೆ. ನಮ್ಮ ಕಥೆಗಾರರಿಗೆ ಇಲ್ಲದ್ದು ಸಿಗುವುದು ಮುಖ್ಯ. ಇದ್ದದ್ದನ್ನು ಮುಚ್ಚಿಡುವವನ ಸಂಕಟ ನಮ್ಮ ಮಕ್ಕಳ ಚಿತ್ರಗಳಿಗೆ ಅಷ್ಟಾಗಿ ಬಂದಿಲ್ಲ.

ಆದರೆ ಮುಚ್ಚಿಡುವುದು ನಮ್ಮ ಮಕ್ಕಳಿಗೂ ಗೊತ್ತು, ವಸ್ತು ಬೇರೆ ಅಷ್ಟೇ. ಪುಣೆಯ ನಮ್ಮ ಸೊಸೈಟಿಯಲ್ಲಿ ನಾಲ್ಕೈದು ಕನ್ನಡದ ಮನೆಗಳಿವೆ. ಮನೆಯೊಳಗೆ ಅಜ್ಜಿಯ ಜೊತೆ ಧಾರವಾಡದ ಕನ್ನಡವನ್ನು ಪಟಪಟ ಆಡುವ ಮಕ್ಕಳು ಲಿಫ್ಟಿನ ಬಾಗಿಲು ತೆರೆಯುತ್ತಿದ್ದಂತೆ ಅದನ್ನು ಕಿಸೆಗೆ ಹಾಕಿಕೊಳ್ಳುತ್ತಾರೆ. “ಕೆಳಗ ಬಂದಾಗ ಕನ್ನಡದಾಗ ಒದರಬ್ಯಾಡ್ರಿ ಅಜ್ಜಿ” ಎಂದು ಪಕ್ಕದ ಮನೆಯ ಹುಡುಗ ಹೇಳಿದ್ದನ್ನು ಅವನ ಅಜ್ಜಿ ನಗುತ್ತಲೇ ನಮಗೆ ಹೇಳಿದರು. ಯಾರೂ ಅವನನ್ನು ಬೈದಿಲ್ಲ, ಹೊಡೆದಿಲ್ಲ. ತನ್ನಲ್ಲಿ ಒಂದು ಹೆಚ್ಚಿನದಿದೆ, ಅದು ಇಲ್ಲಿ ಬೇರೆಯಾಗಿ ಕಾಣುತ್ತದೆ ಎಂದು ಅವನಿಗೆ ಅನ್ನಿಸಿದೆ, ಅಷ್ಟೇ. ಟಾಮ್ ಮಾಡಿದ್ದೂ ಇದನ್ನೇ ಅಲ್ಲವೇ?

ಈ ಕಣ್ಣಿನಿಂದ ನೋಡಿದಾಗ ಚಿತ್ರದ ದೊಡ್ಡ ಸೋಲು ಎಲ್ಲಿದೆ ಎಂದು ತಿಳಿಯುತ್ತದೆ. ತಮಾಷೆ ಹಳತಾದದ್ದಲ್ಲ, ಗ್ರಾಫಿಕ್ಸ್ ಮಂಕಾದದ್ದಲ್ಲ. ಕಥೆ ರಜೆಯಲ್ಲೇ ಮುಗಿಯುವುದು ಅದರ ಸೋಲು. ಟಾಮ್ ತನ್ನ ಬುದ್ಧಿಯನ್ನು ಅಣ್ಣತಮ್ಮಂದಿರ ಮುಂದೆ ಹೊರಗೆ ತೆಗೆಯುತ್ತಾನೆ, ಶತ್ರುವನ್ನು ಓಡಿಸುತ್ತಾನೆ, ಅಪ್ಪನ ಜೊತೆ ರಾಜಿಯಾಗುತ್ತದೆ. ಸಂತೋಷ. ಆದರೆ ಅವನಿಗೆ ಕಷ್ಟವಿದ್ದದ್ದು ರಜೆಯ ಮನೆಯಲ್ಲಲ್ಲ, ಶಾಲೆಯಲ್ಲಿ. ಅನ್ಯಗ್ರಹದವರ ಮುಂದೆ ಜಾಣನಾಗುವುದು ಸುಲಭ. ಅಲ್ಲಿ ಬೇರೆ ದಾರಿಯಿಲ್ಲ, ನೋಡುವವರೂ ಇಲ್ಲ. ಸೋಮವಾರ ತರಗತಿಯಲ್ಲಿ, ಅವೇ ಗೇಲಿಯ ಮುಖಗಳ ನಡುವೆ ಟಾಮ್ ಕೈ ಎತ್ತುತ್ತಾನೋ ಇಲ್ಲವೋ? ಅದನ್ನು ತೋರಿಸಲು ಎರಡು ನಿಮಿಷ ಸಾಕಿತ್ತು. ಚಿತ್ರ ಆ ಎರಡು ನಿಮಿಷವನ್ನು ರಿಕಿಯನ್ನು ಇನ್ನೊಮ್ಮೆ ಕುಣಿಸಲು ಬಳಸಿಕೊಂಡಿತು.

ಹಾಗಂತ ನೋಡಬೇಡಿ ಎನ್ನುವುದಿಲ್ಲ. ಏಳರಿಂದ ಹನ್ನೆರಡರ ಒಳಗಿನ ಮಕ್ಕಳಿದ್ದರೆ ಒಟ್ಟಿಗೆ ಕೂತು ನೋಡಿ. ಎಂಬತ್ತಾರು ನಿಮಿಷ, ಮುಜುಗರವಾಗುವಂಥದ್ದು ಹೆಚ್ಚೇನಿಲ್ಲ. ಹಾಫ್‌ಮನ್ ಮತ್ತು ಅಜ್ಜಿಯ ಕಾಳಗಕ್ಕೆ ನಿದ್ದೆ ಬಂದವರೂ ಎದ್ದು ಕೂರುತ್ತಾರೆ. ಸ್ಪಾರ್ಕ್ಸ್ ಹಾನಾಳನ್ನು ಬಿಟ್ಟು ತನ್ನ ಊರಿಗೆ ಹೊರಡುವಾಗ ಮನೆಯಲ್ಲಿ ಯಾರಾದರೂ ಎದ್ದು ನೀರು ಕುಡಿಯಲು ಹೋದರೆ ಕಾರಣ ಕೇಳಬೇಡಿ. ಮುಗಿದ ಮೇಲೆ ಟಿವಿ ಆರಿಸಿ, ಚಿತ್ರ ಕೇಳದೆ ಬಿಟ್ಟ ಪ್ರಶ್ನೆಯನ್ನು ನೀವು ಕೇಳಿ: ರಜೆ ಮುಗಿಸಿ ಶಾಲೆಗೆ ಹೋದ ಮೊದಲ ದಿನ ಟಾಮ್ ಏನು ಮಾಡಿರಬಹುದು? ನಮ್ಮ ಮನೆಯಲ್ಲಿ ಈ ಚರ್ಚೆ ರಾತ್ರಿ ಊಟದವರೆಗೂ ನಡೆಯಿತು. ಕೈ ಎತ್ತಿರುತ್ತಾನೆ ಎಂದು ಮಗಳು. ಮೊದಲ ದಿನವೇ ಎತ್ತಿರಲಿಕ್ಕಿಲ್ಲ, ಒಬ್ಬ ಗೆಳೆಯ ಸಿಕ್ಕ ಮೇಲೆ ಎತ್ತಿರುತ್ತಾನೆ ಎಂದು ಅವಳ ಅಮ್ಮ.